ಕಾಳಿಲ್ಲದ ದಿಂಬು

ಅವರ ಶ್ರದ್ಧಾಂಜಲಿ ಸಭೆಯಲ್ಲಿ ಮಾತನಾಡಿದವರೆಲ್ಲ ಒಂದೇ ಮಾತು ಹೇಳಿದರು: ಮೇಡಂ ನಗುನಗುತ್ತಲೇ ಕ್ಯಾನ್ಸರನ್ನು ಎದುರಿಸಿದರು. ನಾನು ಅವರನ್ನು ನನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವಳು. ಅವರು ನಕ್ಕದ್ದು ನನಗೆ ನೆನಪಿಲ್ಲ. ಜಗಳವಾಡಿದ್ದು ನೆನಪಿದೆ. ಡಾಕ್ಟರ ಜೊತೆ, ನರ್ಸಿನ ಜೊತೆ, ತಡವಾಗಿ ಬಂದ ಲಿಫ್ಟಿನ ಜೊತೆ, ಕೊನೆಗೆ ತಮ್ಮದೇ ಹಳೆಯ ಭಾಷಣದ ಜೊತೆ.

ಆಮೇಲೆ ಅವರ ಹೈಸ್ಕೂಲಿನ ನಿವೃತ್ತ ಹೆಡ್ಮಾಸ್ಟರು ಎದ್ದು ಎರಡು ಕತೆ ಹೇಳಿದರು. ಮೊದಲನೆಯದು: ಒಮ್ಮೆ ಡ್ರಿಲ್ ಮಾಡಿಸುವಾಗ ಮೇಡಂ ತಾವೇ ಎಣಿಕೆ ತಪ್ಪಿದರಂತೆ. ತಪ್ಪಿದ ಹುಡುಗಿಯರಿಗೆ ಮೈದಾನ ಒಂದು ಸುತ್ತು ಓಡುವ ಶಿಕ್ಷೆ ಕೊಡುತ್ತಿದ್ದ ಅವರು ಆವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ಶಾಲೆಯೆದುರು ತಾವೇ ಓಡಿದರಂತೆ. ಎರಡನೆಯದು: ಕಾಯಿಲೆ ಬಂದ ಮೇಲೆ ಅವರು ಆರೋಗ್ಯ ಶಿಬಿರಕ್ಕೆಂದು ತಾವು ಹೊಲಿದಿದ್ದ ದಿಂಬಿನಿಂದ ಕಾಳು ತೆಗೆದು ಹೆಂಗಸರಿಗೆ ಹೊಸ ಪಾಠ ಹೇಳಿದರಂತೆ. ಎರಡಕ್ಕೂ ಚಪ್ಪಾಳೆ ಬಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂದು ನೆನಪಾಗಿ ಅರ್ಧಕ್ಕೇ ನಿಂತಿತು.

ಮೊದಲನೆಯ ಕತೆಯನ್ನು ಅವರೇ ನನ್ನೆದುರು ಅಲ್ಲಗಳೆದಿದ್ದರು. "ನಾನ್ಯಾಕೆ ಓಡ್ಲಿ? ನಾನು ಸರಿಯಾಗೇ ಎಣಿಸಿದ್ದೆ. ಹುಡುಗೀರು ತಪ್ಪಾಗಿ ಕೇಳಿಸ್ಕೊಂಡ್ರು. ಅವ್ರನ್ನೇ ಓಡಿಸ್ದೆ." ಎರಡನೆಯದು ನಡೆದಾಗ ನಾನು ಪಕ್ಕದಲ್ಲೇ ಇದ್ದೆ. ನಡೆದದ್ದು ಹಾಗಲ್ಲ. ಹಾಗೆಂದು ನನ್ನ ನೆನಪನ್ನು ನಂಬಿ ಎಂದೂ ಹೇಳಲಾರೆ. ಅದಕ್ಕೂ ಕತೆಗಳನ್ನು ಒಪ್ಪ ಮಾಡಿಡುವ ಚಟವಿದೆ. ಆದಷ್ಟು ಒಪ್ಪ ಮಾಡದೆ ಬರೆಯಲು ನೋಡುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಅವರಿಗೊಂದು ಹೆಸರಿದೆ ಎಂಬುದು ಊರಿನಲ್ಲಿ ಬಹಳ ಜನಕ್ಕೆ ಗೊತ್ತೂ ಇರಲಿಲ್ಲ. ಪೀಟಿ ಮೇಡಂ ಎಂದರೆ ದೊಡ್ಡಬಳ್ಳಾಪುರದಲ್ಲಿ ಮನೆ ತೋರಿಸುತ್ತಿದ್ದರು. ನೇಕಾರರ ಬೀದಿಯ ಮನೆ. ಮುಂದಿನ ಅರ್ಧದಲ್ಲಿ ಪವರ್‌ಲೂಮುಗಳು, ಹಿಂದಿನ ಅರ್ಧದಲ್ಲಿ ಸಂಸಾರ. ಮದುವೆಯಾಗಿ ಬಂದಂದಿನಿಂದ ಮಗ್ಗದ ಸದ್ದಿನ ಮೇಲೆಯೇ ಮಾತನಾಡಿ ಮಾತನಾಡಿ ಅವರಿಗೆ ಪಿಸುಮಾತು ಎಂಬುದು ಮರೆತೇ ಹೋಗಿತ್ತು. ಬಸ್ಸಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಗುಟ್ಟು ಹೇಳಿದರೆ ಕಂಡಕ್ಟರ್ ಅದಕ್ಕೆ ಉತ್ತರ ಕೊಡುತ್ತಿದ್ದ. ಅವರ ಯಜಮಾನರು ಮಾತಿನ ಗೋಜನ್ನೇ ಬಿಟ್ಟು ಕೈಸನ್ನೆಗೆ ಇಳಿದಿದ್ದರು. ಊಟ, ಕಾಫಿ, ಸಿಟ್ಟು, ಕ್ಷಮೆ ಎಲ್ಲಕ್ಕೂ ಒಂದೊಂದು ಸನ್ನೆ ಇತ್ತು. ಕ್ಷಮೆಯದನ್ನು ಯಜಮಾನರು ಮಾತ್ರ ಬಳಸುವುದನ್ನು ನೋಡಿದ್ದೇನೆ.

ನಿವೃತ್ತಿಯಾದ ಮೇಲೂ ಕೊರಳಿನ ಸೀಟಿ ಹೋಗಲಿಲ್ಲ. ಆ ಸೀಟಿಯ ಜೊತೆಗೇ ಅವರು ನಮ್ಮ ಮಹಿಳಾ ಸಂಘದ ಆರೋಗ್ಯ ಶಿಬಿರಗಳಿಗೆ ಬಂದರು. ಸ್ತನ ಕ್ಯಾನ್ಸರ್ ಬಗ್ಗೆ ಮಾತನಾಡಬೇಕಾಗಿದ್ದ ಡಾಕ್ಟರು ಒಂದು ದಿನ ಕೈಕೊಟ್ಟರು. ಚಾಪೆಯ ಮೇಲೆ ಹೆಂಗಸರು ಕೂತಾಗಿತ್ತು. ಮೇಡಂ ಡಾಕ್ಟರು ಕಳಿಸಿದ್ದ ಕರಪತ್ರವನ್ನು ಒಮ್ಮೆ ಓದಿ, ಎದ್ದು ಸೀಟಿ ಊದಿದರು. ಕ್ಯಾನ್ಸರ್ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಒಂದು ಗುಂಪಿನ ಬಲಗೈ ಏಕಕಾಲಕ್ಕೆ ಮೇಲೆ ಹೋಗುವಂತೆ ಮಾಡುವುದು ಗೊತ್ತಿತ್ತು. "ಬಲಗೈ ಮೇಲೆ. ತಲೆ ಹಿಂದೆ. ಎಡಗೈ ಬೆರಳು ಚಪ್ಪಟೆ. ಸುತ್ತ ಒತ್ಕೊಂಡು ಬನ್ನಿ, ಒಂದು, ಎರಡು. ಏಯ್, ಹಿಂದಿನ ಸಾಲು, ನಗೋದು ಮನೇಲಿ." ಆಮೇಲೆ ಡಾಕ್ಟರನ್ನು ಯಾರೂ ಕರೆಯಲಿಲ್ಲ.

ಮುಂದಿನ ಶಿಬಿರಕ್ಕೆ ದಿಂಬು ಬಂತು. ಮಗ್ಗದಲ್ಲಿ ಉಳಿದ ಗಿಣಿಹಸಿರು ಸೀರೆ ತುಂಡಿನಲ್ಲಿ ಹೊಲಿದ, ಅಂಗೈ ತುಂಬುವ ದುಂಡನೆಯ ದಿಂಬು. ಒಳಗೆ ಹತ್ತಿ, ಹತ್ತಿಯೊಳಗೆಲ್ಲೋ ಒಂದು ಒಣ ಅವರೆಕಾಳು. ಅದು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಮೊದಲು ಕಾಳು ಹುಡುಕಿದವರು ಕೈ ಎತ್ತಬೇಕು. ಅವರೆಯ ಸೀಮೆಯ ಹೆಂಗಸರು, ಒಬ್ಬರಿಗೂ ತಪ್ಪುತ್ತಿರಲಿಲ್ಲ. "ನಿಮ್ಮೆದೇಲಿ ಇಂಥ ಕಾಳು ಸಿಕ್ರೆ ಆಸ್ಪತ್ರೆಗೆ ಓಡಿ, ಕೂಡಲೇ ತೆಗೆಸಿ. ಕಾಳಿಲ್ವಾ? ಏನೂ ಇಲ್ಲ, ಆರಾಮಾಗಿ ಮಲಗಿ." ಇದು ಅವರ ಭಾಷಣದ ಮುಕ್ತಾಯ. ನಂತರದ ಭಾಷಣ ನನ್ನದು, ಸೊಪ್ಪು ಮತ್ತು ಮೊಳಕೆ ಕಾಳಿನ ಬಗ್ಗೆ. ಅಷ್ಟರಲ್ಲಿ ಚಾಪೆ ಅರ್ಧ ಖಾಲಿಯಾಗಿರುತ್ತಿತ್ತು.

ಆ ದಿಂಬಿನಿಂದ ಬದುಕಿದವರಿದ್ದಾರೆ. ಮನೆಯಲ್ಲಿ ಒತ್ತಿ ನೋಡಿಕೊಂಡು, ಗಂಟು ಸಿಕ್ಕಿ, ಆಪರೇಷನ್ ಮಾಡಿಸಿಕೊಂಡು ಈಗ ಮೊಮ್ಮಕ್ಕಳನ್ನು ಬೈದುಕೊಂಡಿರುವ ಹೆಂಗಸರು ಸಭೆಗೂ ಬಂದಿದ್ದರು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮುಂದೆ ಹೇಳುವುದು ಬೇರೆ.

ದೇವನಹಳ್ಳಿ ತಾಲ್ಲೂಕು, ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯಲ್ಲಿ ಶಿಬಿರ ನಡೆದಿತ್ತು. ದಿಂಬು ಕೈಗೆ ಬಂದಾಗ ಒಬ್ಬ ಸಣ್ಣ ವಯಸ್ಸಿನ ಹೆಂಗಸು ಎದ್ದು ನಿಂತಳು. "ಮೇಡಂ, ನಂಗೆ ಒಂದ್ ಕಡೆ ಕೆಂಪಗೆ ಊದ್ಕೊಂಡೈತೆ. ಮುಟ್ಟಿದ್ರೆ ಬಿಸಿ."

"ಕಾಳು ಸಿಕ್ತಾ?"

"ಇಲ್ಲ ಮೇಡಂ."

"ಮತ್ತೆ? ಉಷ್ಣ. ಎಳನೀರು ಕುಡಿ. ಕೂತ್ಕೋ."

ಅವಳು ಕೂತಳು. ದಿಂಬು ಮುಂದಿನವರಿಗೆ ಹೋಯಿತು. ನಾನು ಆಗ ಮೊಳಕೆ ಕಾಳಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಅದು ನೆನಪಿಡುವಂಥ ಘಟನೆಯಾಗಿ ಯಾರಿಗೂ ಕಾಣಲಿಲ್ಲ, ಮೇಡಂಗಂತೂ ಇಲ್ಲವೇ ಇಲ್ಲ.

ಎರಡು ವರ್ಷದ ಮೇಲೆ ಅವರದೇ ಎಡ ಎದೆ ಕೆಂಪಗಾಯಿತು. ತಿಂಗಳ ಮೊದಲ ದಿನ ತಪ್ಪದೆ ತಮ್ಮನ್ನು ತಾವು ಪರೀಕ್ಷೆ ಮಾಡಿಕೊಳ್ಳುತ್ತಿದ್ದ ಹೆಂಗಸು. ಬಾಗಿಲು ಹಾಕಿಕೊಂಡು ತಮಗೆ ತಾವೇ ಎಣಿಸುತ್ತಿದ್ದುದು ಬೀದಿಗೆ ಕೇಳಿಸುತ್ತಿತ್ತು. ಆ ತಿಂಗಳೂ ಒತ್ತಿ ನೋಡಿದರು, ಗಂಟಿಲ್ಲ. ಅಂದಮೇಲೆ ಏನೂ ಇಲ್ಲ. ಕೆಲವೇ ವಾರದಲ್ಲಿ ಎದೆ ಊದಿ ಭಾರವಾಯಿತು. ಯಜಮಾನರು ನೋಡಿ ಸನ್ನೆ ಬಿಟ್ಟು ಬಾಯಿ ತೆಗೆದರು: "ಸರ್ಪಸುತ್ತು ಇರ್ಬೇಕು ಕಣೇ."

ಸರ್ಪಸುತ್ತಿಗೆ ನಮ್ಮ ಕಡೆ ಕೆಮ್ಮಣ್ಣು ಕಲಸಿ ಹಚ್ಚುತ್ತಾರೆ, ಮೇಲೆ ಹಾವು ಬರೆಯುತ್ತಾರೆ. ಬರೆಯುವ ಅಜ್ಜಿಯೊಬ್ಬರು ಪಕ್ಕದ ಬೀದಿಯಿಂದ ಬಂದರು. ಮೂಢನಂಬಿಕೆಯ ವಿರುದ್ಧ ಶಾಲೆಯಲ್ಲಿ ನಾಟಕ ಆಡಿಸಿದ್ದ ಮೇಡಂ ಸುಮ್ಮನೆ ಕೂತು ಬರೆಸಿಕೊಂಡರು. ನಾನು ಕೇಳಿದ್ದಕ್ಕೆ, "ಗಂಟಿಲ್ಲ ತಾನೆ? ಬರ್ಕೊಳ್ಳಲಿ ಬಿಡು, ತಣ್ಣಗಿರತ್ತೆ" ಎಂದರು. ಮೂರು ಸಲ ಬರೆಸಿದರು. ನಡುವೆ ಊರಿನ ಡಾಕ್ಟರು ಕೆಮ್ಮಣ್ಣಿನ ಮೇಲಿಂದಲೇ ನೋಡಿ, ಸೋಂಕು ಎಂದು ಮಾತ್ರೆ ಬರೆದರು. ಮಾತ್ರೆ ಮುಗಿಯಿತು, ಊತ ಮುಗಿಯಲಿಲ್ಲ. ಇನ್ನೊಂದು ಬಗೆಯ ಮಾತ್ರೆ ಬರೆದರು. ಹಾವಿನ ತಲೆಯೂ ಬಾಲವೂ ಕೂಡದಂತೆ ಅಜ್ಜಿ ನೋಡಿಕೊಂಡರು. ಅದು ಕೂಡಿದರೆ ಜೀವಕ್ಕೆ ಅಪಾಯವೆಂದು ಅವರ ಲೆಕ್ಕ. ಮಿಕ್ಕದ್ದನ್ನು ಯಾರೂ ನೋಡಿಕೊಳ್ಳಲಿಲ್ಲ.

ಬಲವಂತವಾಗಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಸಿಕ್ಕಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೋಲಾರದ ಕಡೆಯವಳು. ನೋಡಿದವಳೇ, "ಮೊದ್ಲು ಇದನ್ನ ತೊಳ್ಕೊಂಡು ಬನ್ನಿ ಆಂಟಿ" ಎಂದಳು. ಆಂಟಿ ಎಂದದ್ದಕ್ಕೆ ಮೇಡಂ ಒಂದು ನೋಟ ಕೊಟ್ಟು ಬಚ್ಚಲಿಗೆ ಹೋದರು. ನಾನು ನೀರು ಹಾಕಿದೆ. ಕೆಮ್ಮಣ್ಣು ಕರಗಿ ಹಾವು ಬೇಸಿನ್ನಿನಲ್ಲಿ ಇಳಿದು ಹೋಯಿತು. ಒರೆಸಿ ನೋಡಿದರೆ ಕೆಳಗೂ ಅಷ್ಟೇ ಕೆಂಪು. ಮಣ್ಣು ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಯಿತೆಂದು ತಿಳಿಯುವಂತಿರಲಿಲ್ಲ. ಚರ್ಮ ದಪ್ಪವಾಗಿ ಸಣ್ಣ ಸಣ್ಣ ಕುಳಿ ಬಿದ್ದಿತ್ತು. ಕಿತ್ತಳೆ ಸಿಪ್ಪೆಯ ಹಾಗೆ ಆಗಿದೆ ಎಂದು ಡಾಕ್ಟರು ನರ್ಸಿಗೆ ಹೇಳಿದಳು.

"ಕಿತ್ತಳೆ ಅಲ್ಲಮ್ಮ, ಚಕ್ಕೋತ," ಎಂದರು ಮೇಡಂ. "ದೇವನಹಳ್ಳಿ ಪಕ್ಕದಲ್ಲೇ ಇದ್ಕೊಂಡು ಕಿತ್ತಳೆ ಅಂತೀರಲ್ಲ."

ಮ್ಯಾಮೊಗ್ರಾಂನಲ್ಲಿ ಗಂಟು ಕಾಣಲಿಲ್ಲ, ಚರ್ಮ ದಪ್ಪಗಾಗಿದೆ ಎಂದಷ್ಟೇ ಬಂತು. ಮೇಡಂ ಗೆದ್ದವರಂತೆ ನನ್ನ ಕಡೆ ನೋಡಿದರು. "ನಾನು ಹೇಳ್ಲಿಲ್ವಾ?" ಆ ಸಂತೋಷ ಬಯಾಪ್ಸಿಯ ವರದಿ ಬರುವವರೆಗೆ ಇತ್ತು. ಚರ್ಮದ ಒಂದು ಚೂರು ತೆಗೆದಿದ್ದರು, ಒಳಗಿನಿಂದ ಸೂಜಿಯಲ್ಲಿ ಇನ್ನೊಂದು ಚೂರು. ಎರಡರಲ್ಲೂ ಕ್ಯಾನ್ಸರ್ ಇತ್ತು. ಉರಿಯೂತದ ಬಗೆಯದು, ಬಹಳ ಅಪರೂಪ, ಬಹಳ ವೇಗ ಎಂದಳು ಡಾಕ್ಟರು.

"ಗಂಟಿಲ್ವಲ್ಲ," ಎಂದರು ಮೇಡಂ.

"ಇದು ಎಷ್ಟೋ ಸಲ ಗಂಟು ಕಟ್ಟಲ್ಲ ಆಂಟಿ. ಚರ್ಮದೊಳಗಿನ ಸಣ್ಣ ನಾಳಗಳಲ್ಲಿ ತುಂಬ್ಕೊಳ್ಳತ್ತೆ, ಅದಕ್ಕೇ ಊತ. ಮುದ್ದೇಲಿ ಹಿಟ್ಟಿನ ಗಂಟಿದ್ರೆ ಕೈಗೆ ಸಿಗತ್ತೆ. ಉಪ್ಪು ಕರಗಿದ್ರೆ ಸಿಗತ್ತಾ?"

ಮೇಡಂ ಸೆರಗು ಸರಿಮಾಡಿಕೊಂಡರು. ಆಮೇಲೆ ಎದ್ದು ನಿಂತು, "ಸರಿ, ಇವತ್ತೇ ತೆಗೆದ್ಬಿಡಿ" ಎಂದರು. ಎಷ್ಟೋ ಹೆಂಗಸರಿಗೆ ಹಾಗೆ ಹೇಳಿದ್ದವರು. ಡಾಕ್ಟರು ಆಗುವುದಿಲ್ಲ ಎಂದಳು. ಇದರಲ್ಲಿ ಮೊದಲು ಕೀಮೋ, ಊತ ಇಳಿದ ಮೇಲೆ ಆಪರೇಷನ್, ಕೊನೆಗೆ ರೇಡಿಯೇಷನ್. ಮೊದಲೇ ಕತ್ತರಿ ಹಾಕಿದರೆ ಚರ್ಮದಲ್ಲಿ ಉಳಿದದ್ದು ಮತ್ತೆ ಹಬ್ಬುತ್ತದೆ. ಮೇಡಂ ಒಪ್ಪಲಿಲ್ಲ. ಕತ್ತರಿ ಹಿಡಿಯಲು ಬಾರದ ಡಾಕ್ಟರು ಎಂದು ಅವಳೆದುರೇ ನನಗೆ ಗುಟ್ಟು ಹೇಳಿದರು. ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

"ಹಂಗಾದ್ರೆ ಇಷ್ಟು ವರ್ಷ ನಾನು ಉಲ್ಟಾ ಹೇಳ್ಕೊಂಡು ತಿರುಗಿದ್ದೀನಾ?" ಎಂದು ಅವಳನ್ನೇ ಕೇಳಿದರು.

"ಉಲ್ಟಾ ಹೇಳಿಲ್ಲ ಆಂಟಿ. ಬೇರೆ ಥರದ್ದಕ್ಕೆ ಸರಿಯಾಗೇ ಹೇಳಿದ್ದೀರ."

ಅವರನ್ನು ಕೊಂದದ್ದು ಕಾಯಿಲೆಯೇ. ಆದರೆ ಅವರ ನಿದ್ದೆ ಕೆಡಿಸಿದ್ದು ಈ ಮಾತು. ಹಿಂದಿರುಗುವಾಗ ಯಲಹಂಕ ದಾಟಿದೆವು. ಆಮೇಲೆ ಇದ್ದಕ್ಕಿದ್ದಂತೆ, "ಆ ಹುಡುಗಿ" ಎಂದರು.

"ಯಾವ ಹುಡುಗಿ ಮೇಡಂ?"

"ಕೆಂಪಗೆ, ಬಿಸಿ ಅಂದ್ಳಲ್ಲ. ಕೂತ್ಕೋ ಅಂದೆ."

ನನಗೆ ತಕ್ಷಣ ನೆನಪಾಗಲಿಲ್ಲ. ಅವರಿಗೆ ಅವಳ ಸೀರೆಯ ಬಣ್ಣ ಕೂಡ ನೆನಪಿತ್ತು. ಅಥವಾ ಆಗ ನೆನಪು ಮಾಡಿಕೊಂಡರೋ. ಕಾಯಿಲೆ ಇಷ್ಟು ವೇಗದ್ದಾದರೆ, ಎರಡು ವರ್ಷದ ಹಿಂದೆ ಕೂರಿಸಿದವಳು ಈಗ ಎಲ್ಲಿರುತ್ತಾಳೆ ಎಂಬ ಲೆಕ್ಕವನ್ನು ಅವರು ಕಾರಿನಲ್ಲೇ ಮಾಡಿ ಮುಗಿಸಿದ್ದರು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಕೀಮೋ ಆಯಿತು. ಕೂದಲು ಹೋಯಿತು. ಊತ ಇಳಿಯಿತು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು, ಎಲ್ಲ ಡಾಕ್ಟರು ಹೇಳಿದ ಕ್ರಮದಲ್ಲೇ. ಒಂದು ವರ್ಷ ಚೆನ್ನಾಗಿದ್ದರು. ಆ ವರ್ಷದಲ್ಲಿ ಡಾಕ್ಟರಿಗೂ ಅವರಿಗೂ ಸ್ನೇಹವಾಗಿ, ಆಂಟಿ ಹೋಗಿ ಮೇಡಂ ಆಯಿತು. ಆಮೇಲೆ ಅದು ಶ್ವಾಸಕೋಶದಲ್ಲಿ ಮತ್ತೆ ಬಂತು. ಒಂದು ಬೆಳಿಗ್ಗೆ ಮಗ್ಗಗಳು ನಿಂತಾಗ ಬೀದಿಗೆ ಗೊತ್ತಾಯಿತು.

ಆದರೆ ನನಗೆ ನೆನಪಾಗುವುದು ಅದಕ್ಕಿಂತ ಹಿಂದಿನ ಒಂದು ಮಧ್ಯಾಹ್ನ. ಕೀಮೋ ನಡೆಯುತ್ತಿದ್ದ ತಿಂಗಳುಗಳು. ಎರಡು ಸುತ್ತಿನ ನಡುವೆ ಸ್ವಲ್ಪ ಚೇತರಿಸಿಕೊಂಡಿದ್ದ ಮೇಡಂ ತಲೆಗೆ ಬಟ್ಟೆ ಸುತ್ತಿಕೊಂಡು, ಸೀಟಿ ಹಾಕಿಕೊಂಡು ನನ್ನ ಮನೆ ಬಾಗಿಲಿಗೆ ಬಂದರು. "ಕಾರು ತೆಗಿ. ಅವಳು ಇದ್ದಾಳೋ ಹೋದ್ಳೋ ನೋಡ್ಬೇಕು."

"ಫೋನು ಮಾಡಿ ವಿಚಾರಿಸೋಣ ಮೇಡಂ."

"ಯಾರಿಗೆ? ಹೆಸರು ಕೇಳಿದ್ನಾ ನಾನು?"

ಸಂಜೆ ಆ ಹಳ್ಳಿ ತಲುಪಿದೆವು. ಕೈಗಾರಿಕೆಗೆ ಭೂಮಿ ಕೊಡುವುದಿಲ್ಲ ಎಂದು ದೊಡ್ಡದಾಗಿ ಬರೆದ ಗೋಡೆಯ ಪಕ್ಕ ಕಾರು ನಿಲ್ಲಿಸಿದ್ದೇ ತಪ್ಪಾಯಿತು. ಅರಳಿಕಟ್ಟೆಯ ಮೇಲಿದ್ದ ಗಂಡಸರು ಎದ್ದು ಬಂದರು.

"ಸರ್ವೇಗಾ? ಹೋಗಿ ಹೋಗಿ. ಒಂದು ಗುಂಟೆ ಕೊಡಲ್ಲ."

"ನಿಮ್ಮ ಗುಂಟೆ ಯಾರಿಗ್ರೀ ಬೇಕು?" ಎಂದರು ಮೇಡಂ. "ನಾನು ಒಬ್ಬ ಹೆಂಗಸನ್ನ ಹುಡುಕ್ತಾ ಇದೀನಿ."

"ಯಾರು? ಹೆಸರೇನು?"

"ಹೆಸರು ಗೊತ್ತಿಲ್ಲ."

"ಗುರುತೇನಾದ್ರೂ?"

ಮೇಡಂ ದನಿ ತಗ್ಗಿಸಲು ನಿಜವಾಗಿಯೂ ಪ್ರಯತ್ನಿಸಿದರು. ಆಗಲಿಲ್ಲ. "ಎದೆ ಕೆಂಪಗಾಗಿತ್ತು" ಎಂದದ್ದು ಹಾಲಿನ ಡೈರಿಯವರೆಗೆ ಕೇಳಿಸಿತು. ಗಂಡಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಜಮೀನಿನ ಕಡೆ ನೋಡತೊಡಗಿದರು.

ಡೈರಿಯ ಮುಂದೆ ಸಂಜೆಯ ಹಾಲು ಹಾಕಲು ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನಿಂದ ಒಬ್ಬಳು ಹೊರಗೆ ಬಂದಳು. "ನನ್ನನ್ನಾ ಮೇಡಂ?"

ಮೇಡಂ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಬದುಕಿದ್ದೀಯಾ?"

"ಯಾಕ್ ಮೇಡಂ ಹಿಂಗ್ ಕೇಳ್ತೀರ? ಚೆನ್ನಾಗೇ ಇದೀನಿ."

"ಆ ಕೆಂಪು?"

"ಓ, ಅದಾ. ಹಾಲು ಕಟ್ಕೊಂಡಿತ್ತು. ಮಗೂಗೆ ಆಗ ಹಲ್ಲು ಬರ್ತಿತ್ತು, ಕಚ್ಚಿಬಿಟ್ಟಿತ್ತು. ನರ್ಸಮ್ಮ ಮಾತ್ರೆ ಕೊಟ್ರು, ವಾರದಲ್ಲಿ ಇಳೀತು."

"ಹಾಲು ಕುಡಿಸ್ತಿದ್ದೀನಿ ಅಂತ ಅವತ್ತು ಹೇಳ್ಬಾರ್ದಾಗಿತ್ತಾ?"

"ನೀವೆಲ್ಲಿ ಕೇಳಿದ್ರಿ? ಕಾಳು ಸಿಕ್ತಾ ಅಂದ್ರಿ. ಇಲ್ಲ ಅಂದೆ. ಕೂತ್ಕೋ ಅಂದ್ರಿ. ಕೂತ್ಕೊಂಡೆ."

ಮೇಡಂ ಡೈರಿಯ ಜಗಲಿಯ ಮೇಲೆ ಕೂತರು. ಅವರ ಮುಖದಲ್ಲಿ ಹೊರೆ ಇಳಿದದ್ದು ಕಂಡಿತು. ಅದರ ಹಿಂದೆಯೇ, ಇಷ್ಟು ದೂರ ಬಂದದ್ದು ದಂಡವಾಯಿತು ಎಂಬಂಥ ಒಂದು ಸಣ್ಣ ಸಿಡುಕೂ ಕಂಡಿತು. ಇದನ್ನು ಸಭೆಯಲ್ಲಿ ಹೇಳುವಂತಿಲ್ಲ. ಆದರೆ ಕಂಡದ್ದು ಹೌದು.

ಹೆಂಗಸಿಗೆ ಉತ್ಸಾಹ ಬಂದಿತ್ತು. "ನೀವು ಹೇಳಿದ್ದು ಎಷ್ಟು ಸರಿ ಮೇಡಂ. ಕಾಳಿಲ್ಲ, ಏನೂ ಇಲ್ಲ ಅಂದ್ರಿ, ಹಂಗೇ ಆಯ್ತು. ಅವತ್ತಿಂದ ಈ ಊರಲ್ಲಿ ಯಾರು ಎದೆ ನೋವು ಅಂದ್ರೂ, ಊತ ಅಂದ್ರೂ, ನಾನೇ ಹೇಳೋದು. ಕಾಳಿಲ್ವಾ, ಆರಾಮಾಗಿ ಮಲ್ಕೊಳ್ಳಿ, ದುಡ್ಡು ದಂಡ ಮಾಡ್ಬೇಡಿ ಅಂತ. ಪಕ್ಕದ ಹಳ್ಳಿಯಿಂದ್ಲೂ ಕೇಳ್ಕೊಂಡು ಬರ್ತಾರೆ."

ಸಾಲಿನಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಮೇಡಂ ನನ್ನ ಕಡೆ ನೋಡಿದರು. ಸತ್ತ ಒಬ್ಬಳನ್ನು ಹುಡುಕಿಕೊಂಡು ಬಂದವರು ಅವರು. ಸಿಕ್ಕಿದ್ದು ಬದುಕಿರುವ ಶಿಷ್ಯೆ, ಗುರುವಿಗಿಂತ ಗಟ್ಟಿ ದನಿಯವಳು.

"ದಿಂಬು ತಂದಿದ್ದೀರಾ ಮೇಡಂ?" ಎಂದು ಯಾರೋ ಕೇಳಿದರು. ಹಳೆಯ ಶಿಬಿರದ ಚೀಲ ಕಾರಿನ ಡಿಕ್ಕಿಯಲ್ಲೇ ಬಿದ್ದಿತ್ತು. ಮೇಡಂ ಬೇಡವೆನ್ನುವ ಮೊದಲೇ ನಾನು ತಂದುಕೊಟ್ಟೆ. ಗಿಣಿಹಸಿರು ದಿಂಬು ಕೈಯಿಂದ ಕೈಗೆ ಹೋಯಿತು. ಸಾಲಿನ ಕೊನೆಯವರೆಗೂ ಹೋಗಿ ವಾಪಸು ಬಂತು. ಒಂದು ಕೈಯೂ ಮೇಲೇಳಲಿಲ್ಲ.

"ಇದ್ರಲ್ಲಿ ಕಾಳೇ ಇಲ್ಲ ಮೇಡಂ."

ಮೇಡಂ ಇಸಿದುಕೊಂಡು ಒತ್ತಿ ನೋಡಿದರು. ಸುತ್ತಲೂ ಒತ್ತಿದರು, ನಡುವೆ ಒತ್ತಿದರು. ಹೆಡ್ಮಾಸ್ಟರು ಹೇಳಿದಂತೆ ಅವರು ಕಾಳು ತೆಗೆದಿರಲಿಲ್ಲ. ಆಮೇಲೆ ನಾನೇ ಹೊಲಿಗೆ ಬಿಚ್ಚಿ ನೋಡಿದೆ: ಹುಳ ತಿಂದು, ಹತ್ತಿಯೊಳಗೆ ಚಿಟಿಕೆ ಹಿಟ್ಟು ಉಳಿದಿತ್ತು. ಆ ಹೊತ್ತಿನಲ್ಲಿ ಅವರಷ್ಟು ಆಶ್ಚರ್ಯಪಟ್ಟವರು ಅಲ್ಲಿ ಯಾರೂ ಇರಲಿಲ್ಲ.

"ಹಂಗಾದ್ರೆ ದಿಂಬಿಗೆ ಏನೂ ಕಾಯಿಲೆ ಇಲ್ಲ ಬಿಡಿ," ಎಂದಳು ಹಿಂದಿನಿಂದ ಒಬ್ಬಳು. ಎಲ್ಲರೂ ನಕ್ಕರು.

ಮೇಡಂ ಎದ್ದರು. "ಕಾಳಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತ ಯಾರು ಹೇಳಿದ್ದು?"

ಹಾಲಿನ ಹೆಂಗಸು ತಬ್ಬಿಬ್ಬಾಗಿ ನೋಡಿದಳು. "ನೀವೇ ಹೇಳಿದ್ದು ಮೇಡಂ. ನಂಗೇ ಹೇಳಿದ್ದು."

ಹುಡುಗಿಯರು ತಪ್ಪಾಗಿ ಕೇಳಿಸಿಕೊಂಡರು ಎಂಬ ಹಳೆಯ ಉತ್ತರ ಬರುತ್ತದೆಂದು ನಾನು ಕಾದೆ. ಮೇಡಂ ದಿಂಬನ್ನು ಜಗಲಿಯ ಮೇಲಿಟ್ಟರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದರ ಪಕ್ಕ ಇಟ್ಟರು. ಬೋಳುತಲೆ ನೋಡಿ ನಗು ನಿಂತಿತು.

"ನಾನೇ ಹೇಳಿದ್ದು. ತಪ್ಪು ಹೇಳಿದ್ದು. ನಂಗೆ ಕಾಳಿಲ್ಲ, ಕ್ಯಾನ್ಸರ್ ಇದೆ. ಕೇಳಿ ಇಲ್ಲಿ. ಕಾಳು ಸಿಕ್ರೆ ತೋರಿಸ್ಬೇಕು, ಅದು ಹಂಗೇ ಇರ್ಲಿ. ಎದೆ ಕೆಂಪಗಾಯ್ತು, ಊತ್ಕೊಂತು, ಬಿಸಿಯಾಯ್ತು, ಚರ್ಮ ಚಕ್ಕೋತದ ಸಿಪ್ಪೆ ಥರ ಆಯ್ತು, ಕಾಳಿಲ್ಲ. ಆಗ್ಲೂ ತೋರಿಸ್ಬೇಕು. ಮಾತ್ರೆ ಕೊಡ್ತಾರೆ. ಮಾತ್ರೇಲಿ ಇಳೀಲಿಲ್ವಾ, ಅಲ್ಲೇ ಕೂರ್ಬೇಡಿ, ಚೂರು ತೆಗೆದು ಪರೀಕ್ಷೆ ಮಾಡಿ ಅಂತ ಜಗಳ ಆಡಿ. ಇವಳದು ಹಾಲು ಕಟ್ಕೊಂಡಿದ್ದು, ಇಳೀತು. ನಂದು ಇಳೀಲಿಲ್ಲ."

ಇಷ್ಟು ಹೇಳಿ ಅವರು ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೈಚೀಲ ನನಗೆ ಕೊಟ್ಟರು. ಡೈರಿ ಕಟ್ಟಡದ ಬಲಕ್ಕೆ ತಿರುಗಿ ನಡೆಯತೊಡಗಿದರು. ನನಗೆ ಮಾತ್ರ ಅರ್ಥವಾಯಿತು. ಓಡುವ ಶಕ್ತಿ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ ದಿನಗಳು. ಹಾಲಿನ ಹೆಂಗಸು ಒಂದು ಕ್ಷಣ ನೋಡಿದಳು, ಇದೂ ಎದೆಯ ಕಾಯಿಲೆಗೆ ಒಂದು ವ್ಯಾಯಾಮವಿರಬೇಕೆಂದು ತಿಳಿದು ಕ್ಯಾನು ಕೆಳಗಿಟ್ಟು ಹಿಂದೆ ಹೊರಟಳು. ಅವಳ ಹಿಂದೆ ಇನ್ನೊಬ್ಬಳು. ನೋಡುನೋಡುತ್ತಿದ್ದಂತೆ ಸಾಲಿಗೆ ಸಾಲೇ ಸೆರಗು ಸಿಕ್ಕಿಸಿಕೊಂಡು ಕಟ್ಟಡ ಸುತ್ತತೊಡಗಿತು. ಡೈರಿ ಸೆಕ್ರೆಟರಿ ಕಿಟಕಿಯಿಂದ ತಲೆ ಹಾಕಿ, "ಹಾಲು ಹಾಕೋರು ಯಾರಮ್ಮಾ?" ಎಂದು ಖಾಲಿ ಅಂಗಳವನ್ನು ಕೇಳಿದ.

ಕಟ್ಟಡದ ಹಿಂದೆ ತಿಪ್ಪೆಯ ಪಕ್ಕ ದಾರಿ ಏರುತ್ತದೆ. ಅಲ್ಲಿ ಮೇಡಂ ಗೋಡೆಗೆ ಕೈಕೊಟ್ಟು ನಿಂತರು. ಹಿಂದಿನವರೂ ನಿಂತರು.

"ಮೇಡಂ, ಇಲ್ಲಿ ಕೈ ಮೇಲೆತ್ಬೇಕಾ?"

"ಬೇಡ," ಎಂದರು ಮೇಡಂ. "ಉಸಿರು ತಗೊಳ್ಳಿ."

ಎಲ್ಲರೂ ಉಸಿರು ತೆಗೆದುಕೊಂಡರು. ಮತ್ತೆ ಹೊರಟು, ಸುತ್ತು ಮುಗಿಸಿ, ಜಗಲಿಗೆ ಬಂದು ಮೇಡಂ ಸೀಟಿ ಬಾಯಿಗಿಟ್ಟರು. ಗಾಳಿ ಸಾಲದೆ ಸದ್ದು ಅರ್ಧ ಬಂತು. ಆದರೂ ಸಾಲು ಅಟೆನ್ಷನ್ನಿಗೆ ನಿಂತಿತು.

"ಎದೆ ಕೆಂಪಗಾಗಿದೆ. ಕಾಳಿಲ್ಲ. ಏನ್ ಮಾಡ್ಬೇಕು?"

"ತೋರಿಸ್ಬೇಕು ಮೇಡಂ," ಎಂದಳು ಹಾಲಿನ ಹೆಂಗಸು.

"ಕೇಳಿಸ್ಲಿಲ್ಲ."

"ಎದೆ ತೋರಿಸ್ಬೇಕು ಮೇಡಂ," ಎಂದಿತು ಇಡೀ ಸಾಲು.

ಅರಳಿಕಟ್ಟೆಯ ಮೇಲೆ ಗಂಡಸರು ಮತ್ತೊಮ್ಮೆ ಜಮೀನಿನ ಕಡೆ ತಿರುಗಿ ಕೂತರು.